ಕಡಲ ಹಾದಿಯನ್ನು ಬರೆದಿಟ್ಟ ಮೌರಿ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



 

ಶ್ರೀಮಠದ ಮಹೋತ್ಸವದ ಈ ಪುಣ್ಯಸಮಯದಲ್ಲಿ ಶರಣರ ಚರಿತ್ರೆಯನ್ನು ಬದಿಗಿಟ್ಟು, ಸಪ್ತಸಮುದ್ರಗಳಾಚೆಯ ಅಮೇರಿಕಾ ಖಂಡದ ಒಬ್ಬ ನೌಕಾಧಿಕಾರಿಯ ಜೀವಿತವನ್ನು ವಿಷಯವನ್ನಾಗಿ ತೆಗೆದುಕೊಳ್ಳುವುದು ಯುಕ್ತವೇ ಎಂದು ಹಿರಿಯರಲ್ಲಿ ಕೆಲವರು ಶಂಕಿಸಬಹುದು. ಶಂಕೆಯು ಸಹಜವಾದದ್ದೇ. ಆದರೆ ಕಾಯಕ, ಜ್ಞಾನ, ದಯೆ ಎಂಬ ಮೂರೂ ಒಬ್ಬನಲ್ಲಿ ನೆಲೆಗೊಂಡರೆ ಆ ಬಾಳು ಹೇಗಿರುವುದೆಂಬುದನ್ನು ಇಲ್ಲಿಯ ಭಕ್ತಾದಿಗಳು ಶರಣರ ಚರಿತ್ರೆಗಳಿಂದ ಬಲ್ಲರು. ಮೊದಲಿನ ಎರಡು ತುಂಬಿ ತುಳುಕಿ, ಮೂರನೆಯದು ಅರ್ಧದಾರಿಯಲ್ಲಿ ನಿಂತುಬಿಟ್ಟರೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಇಂಥ ಚರಿತ್ರೆಗಳನ್ನೂ ಓದಬೇಕಾಗುತ್ತದೆ. ಅದಲ್ಲದೆ, ಪಾಠಶಾಲೆಯ ಬಾಲಕರು ಭೂಗೋಳದ ಪುಸ್ತಕದಲ್ಲಿ ಸಮುದ್ರಪ್ರವಾಹಗಳನ್ನೂ ವಾಣಿಜ್ಯಮಾರುತಗಳನ್ನೂ ಬಾಯಿಪಾಠ ಮಾಡುತ್ತಾರೆ. ಆ ಬಾಣದ ಗುರುತುಗಳು ನಕ್ಷೆಯ ಮೇಲೆ ಬಂದು ಕುಳಿತದ್ದು ಹೇಗೆಂಬುದನ್ನು ಅವರಿಗೆ ಹೇಳುವವರು ಕಡಿಮೆ.

ಮ್ಯಾಥ್ಯೂ ಫಾಂಟೇನ್ ಮೌರಿಯು ಕ್ರಿ. ಶ. 1806ನೆಯ ಇಸವಿ ಜನವರಿ 14ರಂದು ಅಮೇರಿಕಾದ ವರ್ಜೀನಿಯಾ ಪ್ರಾಂತದಲ್ಲಿ, ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನ ಸಮೀಪದಲ್ಲಿ ಹುಟ್ಟಿದನು. ಮನೆತನವು ವಿದ್ಯಾವಂತರದು, ಆತನ ಅಜ್ಜನು ಪಾದ್ರಿಯಾಗಿದ್ದು, ಮುಂದೆ ಆ ರಾಷ್ಟ್ರಕ್ಕೆ ಅಧ್ಯಕ್ಷನಾದ ಥಾಮಸ್ ಜೆಫರ್ಸನನಿಗೆ ಬಾಲ್ಯದಲ್ಲಿ ಪಾಠ ಹೇಳಿದವನು. ಆದರೆ ಸರಸ್ವತಿ ಇದ್ದ ಮನೆಯಲ್ಲಿ ಲಕ್ಷ್ಮಿಯು ನಿಲ್ಲಲಿಲ್ಲ. ಬಾಲಕನಿಗೆ ಐದು ವರ್ಷಗಳಾಗುವಷ್ಟರಲ್ಲಿ ತಂದೆಯು ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಬೆಟ್ಟಗಳನ್ನು ದಾಟಿ, ಟೆನೆಸೀ ಪ್ರಾಂತದ ಫ್ರ್ಯಾಂಕ್ಲಿನ್ ಎಂಬಲ್ಲಿಗೆ ಹೋಗಿ ಒಕ್ಕಲುತನಕ್ಕೆ ನಿಂತನು. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗನು ಎತ್ತರವಾದ ಮರದಿಂದ ಬಿದ್ದು ಬೆನ್ನಿಗೆ ಬಲವಾದ ಪೆಟ್ಟು ಮಾಡಿಕೊಂಡನು. ಹೊಲದ ದುಡಿಮೆಗೆ ಇನ್ನು ಈತನು ಒದಗಲಾರನೆಂದು ತಂದೆಯು ಆತನನ್ನು ಶಾಲೆಗೆ ಕಳುಹಿದನು. ಹೀಗೆ ಮರದಿಂದ ಬಿದ್ದದ್ದೇ ಆತನಿಗೆ ವಿದ್ಯೆಯ ಬಾಗಿಲಾಯಿತು.

ಆದರೆ ಗಣಿತದ ರುಚಿಯನ್ನು ಆತನಿಗೆ ಮೊದಲು ಹತ್ತಿಸಿದವನು ಶಾಲೆಯ ಉಪಾಧ್ಯಾಯನಲ್ಲ. ಅವರ ಮನೆಗೆ ಅನತಿದೂರದಲ್ಲಿ ನೀಲ್ ಎಂಬ ಹೆಸರಿನ ಮುದುಕನಾದ ಒಬ್ಬ ಚಮ್ಮಾರನಿದ್ದನು. ಆ ಮುದುಕನು ಜೋಡು ಹೊಲಿಯುತ್ತ ಕುಳಿತಿರುವಾಗಲೇ ಬೀಜಗಣಿತದ ಲೆಕ್ಕಗಳನ್ನು ಬಿಡಿಸುತ್ತ, ಜೋಡಿನ ಅಟ್ಟೆಯ ಮೇಲೆಯೇ ಅವುಗಳ ಸಂಕೇತಾಕ್ಷರಗಳನ್ನು ಗೀಚುತ್ತಿದ್ದನು. ಜೋಡು ಮಾಡಿಸಿಕೊಂಡವರ ಮನೆಗೆ ಆ ಲೆಕ್ಕದ ಗುರುತುಗಳು ಅಟ್ಟೆಯ ಸಮೇತ ಹೋಗಿ ಸೇರುತ್ತಿದ್ದವು. ಗಣಿತಜ್ಞನಾಗಬೇಕೆಂಬ ಆಶೆಯು ತನ್ನಲ್ಲಿ ಹುಟ್ಟಿದ್ದು ಆ ಜೋಡುಗಳ ಅಟ್ಟೆಯನ್ನು ನೋಡಿಯೇ ಎಂದು ಮೌರಿಯು ಕೀರ್ತಿಯ ಶಿಖರದಲ್ಲಿದ್ದಾಗಲೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಿದ್ದನು. ಹರಳಯ್ಯನನ್ನು ನೆನೆದು ಕೈಮುಗಿಯುವ ಈ ಸಭೆಗೆ ಆ ಚಮ್ಮಾರನ ಯೋಗ್ಯತೆಯನ್ನು ಬೇರೆ ವಿವರಿಸಬೇಕಾದ್ದಿಲ್ಲ. ಲೋಕಪ್ರಸಿದ್ಧನಾದ ಶಿಷ್ಯನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಗುರುವಿನ ಲೆಕ್ಕಗಳು ಊರವರ ಕಾಲ ಕೆಳಗೆ ಸವೆದುಹೋದವು.

ಆತನ ಅಣ್ಣನಾದ ಜಾನನು ನೌಕಾಸೈನ್ಯವನ್ನು ಸೇರಿ, ಕಡಲಿನಲ್ಲಿಯೇ ಪೀತಜ್ವರಕ್ಕೆ ತುತ್ತಾಗಿ ತೀರಿಕೊಂಡಿದ್ದನು. ಆ ದುಃಖವು ಆರುವ ಮೊದಲೇ ಕಿರಿಯನೂ ಅದೇ ಹಾದಿಯನ್ನು ಹಿಡಿಯುವೆನೆಂದಾಗ ತಂದೆಯು ಒಪ್ಪಲಿಲ್ಲ. 1825ರಲ್ಲಿ ಸ್ಯಾಮ್ ಹ್ಯೂಸ್ಟನ್ ಎಂಬ ಜನಪ್ರತಿನಿಧಿಯ ಸಹಾಯದಿಂದ ಮೌರಿಗೆ ನೌಕಾಸೈನ್ಯದಲ್ಲಿ ಕಿರಿಯ ಅಧಿಕಾರಿಯ ಹುದ್ದೆಯು ದೊರೆಯಿತು; ಹತ್ತೊಂಬತ್ತು ವರ್ಷದ ತರುಣನು ತಂದೆಯ ಆಶೀರ್ವಾದವಿಲ್ಲದೆಯೇ, ಎರವು ತಂದ ಒಂದು ಕುದುರೆಯನ್ನು ಹತ್ತಿ ಮನೆಯಿಂದ ಹೊರಟುಹೋದನು. ಮೊದಲನೆಯ ಪ್ರಯಾಣವು ಬ್ರ್ಯಾಂಡಿವೈನ್ ಎಂಬ ಹಡಗಿನಲ್ಲಿ. ಅಮೇರಿಕಾದ ಸ್ವಾತಂತ್ರ್ಯಯುದ್ಧದಲ್ಲಿ ನೆರವಾಗಿದ್ದ ಲಾಫಾಯೆಟ್ ಎಂಬ ವೃದ್ಧವೀರನನ್ನು ಫ್ರಾನ್ಸಿಗೆ ಮರಳಿ ಮುಟ್ಟಿಸಿದ ಹಡಗು ಅದು. ಮುಂದೆ ವಿನ್ಸೆನ್ಸ್ ಎಂಬ ಹಡಗಿನಲ್ಲಿ ಭೂಪ್ರದಕ್ಷಿಣೆಯನ್ನು ಮಾಡಿ 1830ರಲ್ಲಿ ಹಿಂದಿರುಗಿದನು. ಅಮೇರಿಕಾದ ಸೈನ್ಯದ ಹಡಗೊಂದು ಭೂಮಿಯನ್ನು ಸುತ್ತಿ ಬಂದದ್ದು ಅದೇ ಮೊದಲು.

1831ರಲ್ಲಿ ಫಾಲ್‌ಮತ್ ಎಂಬ ಹಡಗಿಗೆ ಮಾರ್ಗನಿರ್ಣಾಯಕನಾಗಿ ನೇಮಕಗೊಂಡು, ದಕ್ಷಿಣ ಅಮೇರಿಕಾದ ತುದಿಯಾದ ಹಾರ್ನ್ ಭೂಶಿರವನ್ನು ಸುತ್ತಿಕೊಂಡು ಶಾಂತಸಾಗರಕ್ಕೆ ಹೋಗಬೇಕಾದಾಗ ಮೌರಿಗೆ ಒಂದು ಸಂಗತಿಯು ಹೊಳೆಯಿತು. ಆ ಭೀಕರವಾದ ಭೂಶಿರದಲ್ಲಿ ಗಾಳಿಯು ಯಾವ ತಿಂಗಳಿನಲ್ಲಿ ಯಾವ ಕಡೆಯಿಂದ ಬೀಸುವುದು, ನೀರಿನ ಸೆಳವು ಎತ್ತ ಕಡೆಗೆ ಎಂಬುದನ್ನು ತಿಳಿಸುವ ಗ್ರಂಥವನ್ನು ನ್ಯೂಯಾರ್ಕ್ ಪಟ್ಟಣದಲ್ಲೆಲ್ಲ ಹುಡುಕಿದನು. ಸಿಕ್ಕಲಿಲ್ಲ. ನೂರಾರು ಹಡಗುಗಳು ಆ ಹಾದಿಯಲ್ಲಿ ಹೋಗಿ ಬಂದಿದ್ದವು. ಪ್ರತಿಯೊಬ್ಬ ಕಪ್ತಾನನೂ ತನ್ನ ಅನುಭವವನ್ನು ತನ್ನೊಡನೆಯೇ ಗೋರಿಗೆ ಒಯ್ದಿದ್ದನು. ಆ ಪ್ರಯಾಣದಲ್ಲಿ ತಾನು ಕಂಡದ್ದನ್ನು ಮೌರಿಯು ಲೇಖನವಾಗಿ ಬರೆದು 1834ರಲ್ಲಿ ಪ್ರಕಟಿಸಿದನು. ಅದೇ ವರ್ಷ ಆ್ಯನ್ ಹರ್ನ್‌ಡನ್ ಎಂಬ ಕನ್ಯೆಯೊಡನೆ ವಿವಾಹವಾಯಿತು. 1836ರಲ್ಲಿ ನೌಕಾಯಾನಶಾಸ್ತ್ರದ ಮೇಲೆ ಆತನ ಮೊದಲನೆಯ ಪುಸ್ತಕವೂ ಹೊರಬಂತು.

1839ನೆಯ ಇಸವಿ ಅಕ್ಟೋಬರ್ ತಿಂಗಳಿನಲ್ಲಿ ಓಹಾಯೋ ಪ್ರಾಂತದ ಒಂದು ರಸ್ತೆಯಲ್ಲಿ ರಾತ್ರಿ ಕುದುರೆಗಾಡಿಯು ಮಗುಚಿಬಿತ್ತು. ಗಾಡಿಯ ಒಳಗೆ ಸ್ಥಳವಿಲ್ಲದೆ ಮೇಲುಗಡೆ ಕುಳಿತಿದ್ದ ಮೌರಿಯ ಬಲಗಾಲು ಮುರಿಯಿತು, ಮೊಣಕಾಲಿನ ಕೀಲು ತಪ್ಪಿತು. ಮೂಳೆಯನ್ನು ಸರಿಯಾಗಿ ಕೂಡಿಸದೆ ಹೋದದ್ದರಿಂದ ಆತನು ಬಾಳಿನುದ್ದಕ್ಕೂ ಕುಂಟನಾದನು. ಹಡಗಿನ ಹಲಗೆಯ ಮೇಲೆ ನಿಲ್ಲಲಾರದವನಿಗೆ ನೌಕಾಸೈನ್ಯದಲ್ಲೇನು ಕೆಲಸ? ಹಾಸಿಗೆಯಲ್ಲಿ ಮಲಗಿದ್ದವನು ಲೇಖನಿಯನ್ನು ಹಿಡಿದನು. ಹ್ಯಾರಿ ಬ್ಲಫ್ ಎಂಬ ಸುಳ್ಳುಹೆಸರಿನಿಂದ ದಕ್ಷಿಣದೇಶದ ಒಂದು ಪ್ರಸಿದ್ಧ ಮಾಸಪತ್ರಿಕೆಯಲ್ಲಿ ನೌಕಾಖಾತೆಯ ಅವ್ಯವಸ್ಥೆಯನ್ನೂ, ದುಂದುವೆಚ್ಚವನ್ನೂ, ತರುಣ ಅಧಿಕಾರಿಗಳಿಗೆ ವಿದ್ಯಾಶಾಲೆಯಿಲ್ಲದ ಕೊರತೆಯನ್ನೂ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದನು. 1845ರಲ್ಲಿ ಅನ್ನಾಪೊಲಿಸ್ ಎಂಬಲ್ಲಿ ನೌಕಾವಿದ್ಯಾಲಯವು ಸ್ಥಾಪಿತವಾದದ್ದಕ್ಕೆ ಇಂಥ ಲೇಖನಗಳೂ ಒಂದು ಕಾರಣ. ನೋಯಿಸಿಕೊಂಡ ಮೇಲಧಿಕಾರಿಗಳು ಬರೆದವನು ಯಾರೆಂಬುದನ್ನು ಮರೆಯಲಿಲ್ಲ. ಅದರ ಫಲವು ಹದಿನೈದು ವರ್ಷಗಳ ನಂತರ ಕಂಡಿತು.

1842ರಲ್ಲಿ ಆತನನ್ನು ವಾಷಿಂಗ್‌ಟನ್ ರಾಜಧಾನಿಯಲ್ಲಿ ನಕ್ಷೆಗಳನ್ನೂ ಉಪಕರಣಗಳನ್ನೂ ಇಡುವ ಒಂದು ಸರ್ಕಾರೀ ಉಗ್ರಾಣಕ್ಕೆ ಮೇಲ್ವಿಚಾರಕನನ್ನಾಗಿ ಮಾಡಿದರು. ಕಾಲು ಮುರಿದವನಿಗೆ ಕೂರಲು ಒಂದು ಕುರ್ಚಿ ಕೊಟ್ಟಂತೆ. ಎರಡು ವರ್ಷಗಳಲ್ಲಿ ಅದೇ ಸಂಸ್ಥೆಯು ನೌಕಾಖಾತೆಯ ವೀಕ್ಷಣಾಲಯವಾಗಿ ಬೆಳೆಯಿತು. ಆ ಉಗ್ರಾಣದ ಮೂಲೆಗಳಲ್ಲಿ ಸೈನ್ಯದ ಹಡಗುಗಳ ಹಳೆಯ ದಿನವಹಿಗಳು ಧೂಳು ಹಿಡಿದು ಬಿದ್ದಿದ್ದವು. ಪ್ರತಿಯೊಂದು ಹಡಗಿನವರೂ ದಿನದಿನವೂ ತಾವಿರುವ ಅಕ್ಷಾಂಶ ರೇಖಾಂಶಗಳನ್ನೂ, ಗಾಳಿಯ ದಿಕ್ಕನ್ನೂ, ಸೆಳವನ್ನೂ, ಆಕಾಶದ ಸ್ಥಿತಿಯನ್ನೂ ಬರೆದಿಡುವ ಪುಸ್ತಕಗಳವು. ಪ್ರಯಾಣವು ಮುಗಿದ ಮೇಲೆ ಅವುಗಳಿಂದೇನು ಪ್ರಯೋಜನವೆಂದು ಎಲ್ಲರೂ ತಿಳಿದಿದ್ದರು; ರದ್ದಿಯ ಕಾಗದವೆಂದು ಮಾರಿಬಿಡುವ ಮಾತೂ ನಡೆದಿತ್ತು. ಫಾಲ್‌ಮತ್ ಹಡಗಿನ ಕಾಲದಲ್ಲಿ ಯಾವ ಗ್ರಂಥವು ಸಿಕ್ಕದೆ ಹೋಗಿತ್ತೋ ಅದು ಈ ಕಸದ ರಾಶಿಯಲ್ಲಿ ಚೂರುಚೂರಾಗಿ ಇರುವುದನ್ನು ಮೌರಿಯು ಕಂಡನು.

ಆತನು ಮಾಡಿದ ಕೆಲಸವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಮಹಾಸಾಗರವನ್ನು ಐದೈದು ಅಂಶಗಳ ಚೌಕಗಳನ್ನಾಗಿ ಹೊಲದ ಮಡಿಗಳಂತೆ ಪಾಲು ಮಾಡಿದನು. ದಿಕ್ಕುಗಳನ್ನು ಹದಿನಾರಾಗಿ ವಿಂಗಡಿಸಿದನು. ಒಂದೊಂದು ದಿನವಹಿಯನ್ನು ತೆರೆದು, ಇಂಥ ಚೌಕದಲ್ಲಿ, ಇಂಥ ತಿಂಗಳಿನಲ್ಲಿ, ಇಂಥ ದಿಕ್ಕಿನಿಂದ ಗಾಳಿಯು ಇಷ್ಟು ಸಲ ಬೀಸಿತು, ಇಷ್ಟು ಸಲ ಗಾಳಿಯೇ ಇರಲಿಲ್ಲವೆಂದು ಸಹಾಯಕರಿಂದ ಲೆಕ್ಕ ಬರೆಯಿಸಿದನು. ಒಬ್ಬನ ದಿನವಹಿಯಲ್ಲಿ ಒಂದು ದಿನದ ಗಾಳಿಯು ಕೇವಲ ಒಂದು ಸಂಗತಿ. ಸಾವಿರ ದಿನವಹಿಗಳ ಗಾಳಿಗಳನ್ನು ಒಂದೇ ಚೌಕದಲ್ಲಿ ಕೂಡಿಸಿದರೆ ಅದು ನಿಯಮ. ಈ ಕ್ರಮದಲ್ಲಿ ಸಿದ್ಧವಾದ ಉತ್ತರ ಅಟ್ಲಾಂಟಿಕ್ ಸಾಗರದ ಗಾಳಿ ಮತ್ತು ಪ್ರವಾಹಗಳ ನಕ್ಷೆಯು 1847ರಲ್ಲಿ ಪ್ರಕಟವಾಯಿತು. ಪ್ರತಿಭೆಗಿಂತ ಹೆಚ್ಚಾಗಿ ಸಹನೆಯಿಂದ ಹುಟ್ಟಿದ ಶಾಸ್ತ್ರವಿದು. ಓಲೆಗರಿಗಳನ್ನು ಒಂದೊಂದಾಗಿ ಕೂಡಿಸಿ, ಪಾಠಾಂತರಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರಿಗೆ ಈ ಸಹನೆಯ ಬೆಲೆ ಗೊತ್ತು.

ಹಳೆಯ ನಾವಿಕರು ಮೊದಲು ನಕ್ಕರು. ಅಟ್ಲಾಂಟಿಕ್ ಸಾಗರದಲ್ಲಿ ದಕ್ಷಿಣಕ್ಕೆ ಹೋಗುವ ಹಡಗುಗಳು ಬ್ರೆಜಿಲ್ ದೇಶದ ಸಾನ್ ರೋಕ್ ಭೂಶಿರದ ಸೆಳವಿಗೆ ಹೆದರಿ, ಬಲುದೂರ ಪೂರ್ವಕ್ಕೆ ಆಫ್ರಿಕಾದ ಕಡೆಗೆ ಓರೆಯಾಗಿ ಹೋಗುತ್ತಿದ್ದವು. ಅಲ್ಲಿ ವಿಷುವದ್ರೇಖೆಯ ಹತ್ತಿರ ಗಾಳಿಯೇ ಇಲ್ಲದ ವಲಯದಲ್ಲಿ ಸಿಕ್ಕಿ, ಹಾಯಿಗಳು ಜೋಲುಬಿದ್ದು, ದಿನಗಟ್ಟಲೆ ನಿಂತಲ್ಲಿಯೇ ನಿಲ್ಲುತ್ತಿದ್ದವು. ಆ ಭಯವು ಬರಿಯ ಪರಂಪರೆಯ ಮಾತು, ಸೆಳವು ಅಷ್ಟು ಪ್ರಬಲವಲ್ಲ, ಪಶ್ಚಿಮದಲ್ಲಿಯೇ ನೇರವಾಗಿ ಹೋಗಿರೆಂದು ಮೌರಿಯ ನಕ್ಷೆಯು ಹೇಳಿತು. 1848ರಲ್ಲಿ ಬಾಲ್ಟಿಮೋರ್ ಬಂದರಿನ ಜಾಕ್ಸನ್ ಎಂಬ ಕಪ್ತಾನನು ಅದನ್ನು ನಂಬಿ ರಿಯೋ ಡಿ ಜನೈರೋ ಪಟ್ಟಣಕ್ಕೆ ಹೋಗಿ ಬಂದನು. ಹೋಗಿ ಬರುವ ಪ್ರಯಾಣದಲ್ಲಿ ವಾಡಿಕೆಗಿಂತ ಸುಮಾರು ಮೂವತ್ತೈದು ದಿನಗಳು ಉಳಿದವು. ನಗುವು ಅಲ್ಲಿಗೆ ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನವು ಕಂಡ ಮೇಲಂತೂ ನ್ಯೂಯಾರ್ಕಿನಿಂದ ಹಾರ್ನ್ ಭೂಶಿರವನ್ನು ಸುತ್ತಿ ಸಾನ್ ಫ್ರಾನ್ಸಿಸ್ಕೋ ಮುಟ್ಟುವ ಪೈಪೋಟಿ ಹೆಚ್ಚಿತು. ಮೊದಲು ಆರು ತಿಂಗಳು ಹಿಡಿಯುತ್ತಿದ್ದ ಆ ಪ್ರಯಾಣವನ್ನು 1851ರಲ್ಲಿ ಫ್ಲೈಯಿಂಗ್ ಕ್ಲೌಡ್ ಎಂಬ ಹಡಗು 89 ದಿನಗಳಲ್ಲಿ ಮುಗಿಸಿತು. ಆ ಹಡಗಿನ ಮಾರ್ಗವನ್ನು ನಿರ್ಣಯಿಸಿದವಳು ಕಪ್ತಾನನ ಹೆಂಡತಿಯಾದ ಎಲಿನರ್ ಕ್ರೀಸಿ ಎಂಬ ಹೆಣ್ಣುಮಗಳು. ಆಕೆಯ ಮೇಜಿನ ಮೇಲೆ ಇದ್ದದ್ದು ಮೌರಿಯ ನಕ್ಷೆಗಳು.

ಆ ನಕ್ಷೆಗಳನ್ನು ಆತನು ಮಾರಲಿಲ್ಲ. ನಕ್ಷೆಯನ್ನು ಉಚಿತವಾಗಿ ಒಯ್ಯಿರಿ, ಹಿಂದಿರುಗಿದಾಗ ನಿಮ್ಮ ದಿನವಹಿಯನ್ನು ತಂದುಕೊಡಿರಿ ಎಂಬುದೊಂದೇ ಕರಾರು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕ ಹಡಗುಗಳು ಈ ದಾಸೋಹದಲ್ಲಿ ಸೇರಿದವು. ದಾಸೋಹವೆಂಬ ಮಾತನ್ನು ಇಲ್ಲಿ ಬಳಸುವುದು ಅತಿಶಯವಲ್ಲ: ಕೊಟ್ಟವನೂ ಉಣ್ಣುತ್ತಿದ್ದನು, ಉಂಡವನೂ ಕೊಡುತ್ತಿದ್ದನು. 1853ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಹತ್ತು ರಾಷ್ಟ್ರಗಳ ಪ್ರತಿನಿಧಿಗಳು ಕೂಡಿ, ಎಲ್ಲ ದೇಶದ ಹಡಗುಗಳೂ ಒಂದೇ ಮಾದರಿಯಲ್ಲಿ ಗಾಳಿ ಕಡಲುಗಳ ಲೆಕ್ಕವನ್ನು ಬರೆಯಬೇಕೆಂದು ಒಪ್ಪಿದರು. ಯುದ್ಧಕಾಲದಲ್ಲಿಯೂ ಈ ದಿನವಹಿಗಳಿಗೆ ಬಾಧೆಯಾಗಬಾರದೆಂದು ಕೋರಿದರು. ಆ ಸಭೆಯನ್ನು ಕೂಡಿಸಿದ ಪ್ರಯತ್ನವು ಮೌರಿಯದು. 1854ರಲ್ಲಿ ಆರ್ಕ್ಟಿಕ್ ಎಂಬ ಉಗಿಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ನೂರಾರು ಜನ ಮುಳುಗಿದ ಮೇಲೆ, ಅಟ್ಲಾಂಟಿಕ್ ಸಾಗರದಲ್ಲಿ ಹೋಗುವ ಹಡಗುಗಳಿಗೆ ಒಂದು, ಬರುವ ಹಡಗುಗಳಿಗೆ ಇನ್ನೊಂದು ಪ್ರತ್ಯೇಕ ಪಥವಿರಲೆಂದು ಸೂಚಿಸಿದವನೂ ಆತನೇ. ಇದೇ ಕಾಲದಲ್ಲಿ ಸಮುದ್ರದ ಆಳವನ್ನು ಅಳೆಯಿಸಿ, ಅಟ್ಲಾಂಟಿಕ್ ಸಾಗರದ ತಳದ ಮೊದಲನೆಯ ನಕ್ಷೆಯನ್ನೂ ಬರೆಯಿಸಿದನು. ಎರಡು ಖಂಡಗಳ ನಡುವೆ ತಂತಿಯನ್ನು ಹಾಸಲು ತಕ್ಕ ತಳವಿದೆಯೆಂದು ಆ ಅಳತೆಗಳಿಂದ ತಿಳಿಯಿತು.

1855ರಲ್ಲಿ ಪ್ರಕಟವಾದ 'ಸಮುದ್ರದ ಭೌತಿಕ ಭೂಗೋಳ' ಎಂಬ ಗ್ರಂಥವು ಆತನ ಹೆಸರನ್ನು ಯುರೋಪಿನ ಮನೆಮನೆಗೂ ಮುಟ್ಟಿಸಿತು. ಗದ್ಯವು ಸೊಗಸಾದದ್ದು, ನಮ್ಮ ಮಳೆಗಾಲವನ್ನು ತರುವ ಮಾನ್ಸೂನ್ ಮಾರುತಗಳ ವಿಚಾರವೂ ಅದರಲ್ಲಿದೆ. ಆದರೆ ಸತ್ಯವನ್ನು ಮುಚ್ಚುವುದರಿಂದ ಯಾರ ಗೌರವವೂ ಹೆಚ್ಚುವುದಿಲ್ಲ. ದಿನವಹಿಗಳನ್ನು ಬಿಟ್ಟು ಕಾರಣಗಳನ್ನು ಹೇಳಹೊರಟ ಕಡೆಯಲ್ಲೆಲ್ಲ ಮೌರಿಯು ಎಡವಿದನು. ಗಾಳಿಯ ಸಂಚಾರಕ್ಕೆ ಅಯಸ್ಕಾಂತಶಕ್ತಿಯು ಕಾರಣವಿರಬಹುದೆಂದನು. ಉತ್ತರಧ್ರುವದ ಸುತ್ತ ಮಂಜುಗಡ್ಡೆಯಿಲ್ಲದ ತೆರೆದ ಕಡಲಿದೆಯೆಂದನು. ತಾನು ಹೇಳಿದ್ದಕ್ಕೆ ಬೈಬಲಿನ ವಾಕ್ಯಗಳನ್ನು ಪ್ರಮಾಣವಾಗಿ ತಂದನು. ಟೆನೆಸೀಯ ನ್ಯಾಶ್‌ವಿಲ್ ಪಟ್ಟಣದಲ್ಲಿ ಶಾಲಾಮಾಸ್ತರನಾಗಿದ್ದ ವಿಲಿಯಂ ಫೆರಲ್ ಎಂಬವನು ಈ ಪುಸ್ತಕವನ್ನು ಓದಿ ಒಪ್ಪದೆ, ಭೂಮಿಯ ತಿರುಗುವಿಕೆಯಿಂದ ಗಾಳಿಗಳು ಓರೆಯಾಗುವ ಬಗೆಯನ್ನು 1856ರಲ್ಲಿ ಬರೆದನು. ಶಾಸ್ತ್ರವು ಮುಂದೆ ಹಿಡಿದದ್ದು ಫೆರಲನ ದಾರಿಯನ್ನು. ಧ್ರುವದ ತೆರೆದ ಕಡಲಿನ ಕಲ್ಪನೆಗೆ ತೆತ್ತ ಬೆಲೆಯು ಇನ್ನೂ ದೊಡ್ಡದು. ಅಂಥ ಭರವಸೆಯ ಮೇಲೆ 1879ರಲ್ಲಿ ಹೊರಟ ಜೀನೆಟ್ ಎಂಬ ಹಡಗು ಎರಡು ವರ್ಷ ಮಂಜುಗಡ್ಡೆಯಲ್ಲಿ ಸಿಕ್ಕಿ ನುಚ್ಚಾಯಿತು. ಅದರಲ್ಲಿದ್ದ 33 ಜನರಲ್ಲಿ 20 ಜನ ಮರಳಲಿಲ್ಲ.

ಕೀರ್ತಿಯು ಹೀಗೆ ಏರುತ್ತಿರುವಾಗಲೇ, 1855ರಲ್ಲಿ, ನೌಕಾಖಾತೆಯು ಕೆಲಸಕ್ಕೆ ಬಾರದ ಅಧಿಕಾರಿಗಳನ್ನು ತೆಗೆಯಲು ನೇಮಿಸಿದ ಮಂಡಲಿಯು, ಕುಂಟನಾದ ಈತನು ಕಡಲಿನ ಸೇವೆಗೆ ಅನರ್ಹನೆಂದು ತೀರ್ಮಾನಿಸಿ ಬದಿಗಿಟ್ಟಿತು. ಹತ್ತು ರಾಷ್ಟ್ರಗಳು ಮನ್ನಿಸಿದವನನ್ನು ಸ್ವಂತ ಮನೆಯವರು ಹೊರಗೆ ಕೂರಿಸಿದರು. ಮೂರು ವರ್ಷಗಳ ಹೋರಾಟದ ನಂತರ, 1858ರಲ್ಲಿ, ಕಮಾಂಡರ್ ಪದವಿಯೊಡನೆ ಆತನನ್ನು ಪುನಃ ಸ್ಥಾಪಿಸಲಾಯಿತು. ಆ ಮಂಡಲಿಯನ್ನು ಶಾಸನಸಭೆಯಲ್ಲಿ ಎತ್ತಿಹಿಡಿದವರಲ್ಲಿ ಸ್ಟೀಫನ್ ಮಾಲರಿ ಎಂಬವನು ಮುಖ್ಯನು. ಈ ಹೆಸರು ಮುಂದೆ ಮತ್ತೊಮ್ಮೆ ಬರುವುದು.

ಇನ್ನು ಹೇಳಬೇಕಾದ ಮಾತು ಹಿತವಾದದ್ದಲ್ಲ. ಅಮೇರಿಕಾದ ದಕ್ಷಿಣ ಪ್ರಾಂತಗಳಲ್ಲಿ ಆ ಕಾಲದಲ್ಲಿ ಆಫ್ರಿಕಾದಿಂದ ತಂದ ಕಪ್ಪುಜನರನ್ನೂ ಅವರ ಸಂತಾನವನ್ನೂ ದನಗಳಂತೆ ಕೊಂಡು ಮಾರಿ, ಹತ್ತಿಯ ಹೊಲಗಳಲ್ಲಿ ದುಡಿಸುತ್ತಿದ್ದರು. ಈ ದಾಸ್ಯವು ವರ್ಜೀನಿಯಾಕ್ಕೆ ಕೆಡುಕೆಂಬುದನ್ನು ಮೌರಿಯು ಬಲ್ಲನು. ಆದರೆ ಅದಕ್ಕೆ ಆತನು ಕಂಡುಕೊಂಡ ಪರಿಹಾರವೇನು? ಆ ಜನರನ್ನು ಬಿಡುಗಡೆ ಮಾಡುವುದಲ್ಲ. ದಕ್ಷಿಣ ಅಮೇರಿಕಾದ ಅಮೆಜಾನ್ ನದಿಯ ಕಣಿವೆಗೆ ಯಜಮಾನರ ಸಮೇತ ಸಾಗಿಸಿಬಿಡುವುದು. ಗಾಳಿಯೂ ಸೆಳವೂ ಅಮೆಜಾನ್ ನದಿಯ ಬಾಯಿಯನ್ನು ಉತ್ತರ ಅಮೇರಿಕಾದ ಹತ್ತಿರಕ್ಕೇ ತಂದಿಟ್ಟಿವೆಯೆಂದು ತನ್ನ ಸಮುದ್ರಶಾಸ್ತ್ರವನ್ನೇ ಈ ವಾದಕ್ಕೆ ಸಾಕ್ಷಿಯಾಗಿ ಕರೆದನು. ಆತನ ಪ್ರೇರಣೆಯಿಂದ ಸರ್ಕಾರವು 1851ರಲ್ಲಿ ಆತನ ಭಾವಮೈದುನನಾದ ಲೂಯಿಸ್ ಹರ್ನ್‌ಡನ್‌ನನ್ನು ಆ ನದಿಯ ಶೋಧನೆಗೆ ಕಳುಹಿಸಿತು. ದಾಸ್ಯವನ್ನು ಬಹಿರಂಗವಾಗಿ ಖಂಡಿಸುತ್ತಿದ್ದ ಮೇರಿ ಬ್ಲ್ಯಾಕ್‌ಫರ್ಡ್ ಎಂಬ ಸ್ತ್ರೀಯು ಆತನ ಬಂಧುವರ್ಗದವಳೇ. ಆಕೆಗೆ ಬರೆದ ಪತ್ರದಲ್ಲಿ ಈ ಉಪಾಯವನ್ನು ಆತನು ಸಮರ್ಥಿಸಿಕೊಂಡನು. ತನ್ನ ಪ್ರಾಂತದ ಮೇಲಿನ ಹೊರೆಯು ಇಳಿಯಬೇಕೆಂಬುದು ಆತನ ಕಳಕಳಿ. ಹೊರೆಯನ್ನು ಹೊತ್ತವರ ಬೆನ್ನಿನ ವಿಚಾರವು ಅದರಲ್ಲಿ ಬರಲಿಲ್ಲ. ಅದು ಆ ಕಾಲದ ರೀತಿ, ಅದಕ್ಕೆ ಆತನನ್ನು ದೂರುವುದೇಕೆ ಎನ್ನುವವರಿದ್ದಾರೆ. ಆದರೆ ಆತನದೇ ಕಾಲದಲ್ಲಿ, ಆತನದೇ ಬಂಧುಬಳಗದಲ್ಲಿ, ಒಬ್ಬ ಹೆಣ್ಣುಮಗಳಿಗೆ ಕಂಡ ಅನ್ಯಾಯವು ಸಾವಿರ ದಿನವಹಿಗಳನ್ನು ಓದಿದವನಿಗೆ ಕಾಣಲಿಲ್ಲವೆಂದರೆ, ದೋಷವನ್ನೆಲ್ಲ ಕಾಲದ ಮೇಲೆಯೇ ಹೊರಿಸುವುದು ಹೇಗೆ?

1861ನೆಯ ಇಸವಿ ಏಪ್ರಿಲ್ 17ರಂದು ವರ್ಜೀನಿಯಾ ಪ್ರಾಂತವು ಒಕ್ಕೂಟದಿಂದ ಬೇರೆಯಾಗಲು ನಿರ್ಧರಿಸಿತು. ಏಪ್ರಿಲ್ 20ರಂದು ಮೌರಿಯು ತನ್ನ ಪದವಿಗೆ ರಾಜೀನಾಮೆಯನ್ನಿತ್ತು, ಹತ್ತೊಂಬತ್ತು ವರ್ಷ ಕಟ್ಟಿ ಬೆಳೆಸಿದ ವೀಕ್ಷಣಾಲಯದ ಬಾಗಿಲಿನಿಂದ ಹೊರಗೆ ನಡೆದನು. ರಷ್ಯಾ ದೇಶದ ರಾಜವಂಶದ ಕಾನ್‌ಸ್ಟಂಟೈನನು, ಯುದ್ಧದ ಗೊಂದಲವನ್ನು ಬಿಟ್ಟು ತನ್ನ ದೇಶಕ್ಕೆ ಬಂದು ಶಾಸ್ತ್ರಾಧ್ಯಯನವನ್ನು ಮುಂದುವರಿಸೆಂದು ಗೌರವದಿಂದ ಕರೆದನು, ಮೌರಿಯು ಹೋಗಲಿಲ್ಲ. ಹುಟ್ಟಿದ ನೆಲದ ಋಣವು ದೊಡ್ಡದೆಂದು ಆತನ ನಂಬಿಕೆ. ಆ ನಂಬಿಕೆಯಲ್ಲಿ ಕಪಟವಿರಲಿಲ್ಲ. ಆದರೆ ಆತನು ಯಾವ ಸರ್ಕಾರದ ಧ್ವಜದ ಕೆಳಗೆ ನಿಂತನೋ ಆ ಸರ್ಕಾರವು ದಾಸ್ಯವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಹುಟ್ಟಿಕೊಂಡದ್ದು.

ದಂಗೆಯೆದ್ದ ಆ ದಕ್ಷಿಣ ಸರ್ಕಾರದ ಕರಾವಳಿ, ನದಿ ಮತ್ತು ಬಂದರುಗಳ ರಕ್ಷಣೆಯ ಮುಖ್ಯಾಧಿಕಾರವು ಮೌರಿಯ ಪಾಲಿಗೆ ಬಂತು. ಅದರ ನೌಕಾಮಂತ್ರಿಯಾದವನು ಹಿಂದೆ ಹೇಳಿದ ಮಾಲರಿಯೇ. ಇಬ್ಬರಲ್ಲಿಯೂ ಹಳೆಯ ಕಹಿಯು ಆರಿರಲಿಲ್ಲ. ಹಡಗುಗಳಿಲ್ಲದ ಆ ಸರ್ಕಾರಕ್ಕೆ ಮೌರಿಯು ಯೋಚಿಸಿದ ಅಸ್ತ್ರವೆಂದರೆ ನೀರಿನೊಳಗೆ ಹುದುಗಿಸಿಟ್ಟು, ತಂತಿಯ ಮೂಲಕ ವಿದ್ಯುತ್ತನ್ನು ಹರಿಸಿ ಸಿಡಿಸುವ ಮದ್ದಿನ ಪೀಪಾಯಿಗಳು. ರಿಚ್ಮಂಡ್ ನಗರದಲ್ಲಿ ಸಂಬಂಧಿಕನೊಬ್ಬನ ಮನೆಯ ಸ್ನಾನದ ತೊಟ್ಟಿಯಲ್ಲಿ ಅದರ ಮೊದಲ ಪರೀಕ್ಷೆಗಳು ನಡೆದವು. 1861ರ ಜುಲೈ ತಿಂಗಳ ಮೊದಲ ಪ್ರಯತ್ನವು ಫಲಿಸಲಿಲ್ಲ. 1864ರಲ್ಲಿ ಜೇಮ್ಸ್ ನದಿಯಲ್ಲಿ ಕಮೊಡೋರ್ ಜೋನ್ಸ್ ಎಂಬ ಶತ್ರುನೌಕೆಯು ಇಂಥ ಅಸ್ತ್ರದಿಂದಲೇ ಛಿದ್ರವಾಯಿತು. ಯುದ್ಧದಲ್ಲಿಯೂ ದಿನವಹಿಗಳಿಗೆ ಬಾಧೆಯಾಗಬಾರದೆಂದು ಬ್ರಸೆಲ್ಸಿನಲ್ಲಿ ಕೋರಿದ ಕೈಯೇ ನಾವಿಕರ ತಳದಡಿಯಲ್ಲಿ ಮದ್ದನ್ನು ಹೂಳಿತು. 1862ರಲ್ಲಿ ಆತನನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ದಕ್ಷಿಣದವರಿಗಾಗಿ ಹಡಗುಗಳನ್ನು ಕೊಳ್ಳುವ ಕೆಲಸದಲ್ಲಿದ್ದಾಗ, 1863ರ ಆರಂಭದಲ್ಲಿ ಆತನ ಮಗನಾದ ಜಾನನು ವಿಕ್ಸ್‌ಬರ್ಗ್ ಎಂಬಲ್ಲಿ ಶತ್ರುವಿನ ಚಲನವಲನವನ್ನು ನೋಡಿಬರಲು ಹೋದವನು ಹಿಂದಿರುಗಲೇ ಇಲ್ಲ. ಅವನ ಶವವೂ ದೊರೆಯಲಿಲ್ಲ. ಅಣ್ಣನ ಹೆಸರನ್ನು ಮಗನಿಗಿಟ್ಟಿದ್ದನು, ಇಬ್ಬರೂ ಹೋದರು.

ಆ ಯುದ್ಧದ ಬಿಸಿಯು ಈ ನಾಡಿಗೂ ತಟ್ಟಿತ್ತೆಂಬುದನ್ನು ಹಿರಿಯರು ಕೇಳಿ ಬಲ್ಲರು. ಅಮೇರಿಕಾದ ಬಂದರುಗಳಿಗೆ ದಿಗ್ಬಂಧನವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋದಾಗ, ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆಯು ಬಂತು. ಆ ಹತ್ತಿಯನ್ನು ಸಾಗಿಸಲು ಅನುಕೂಲವಾಗಲೆಂದೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿ, ಕಾರವಾರದ ಬಂದರಿನ ಕೆಲಸಕ್ಕೆ ಕೈಹಾಕಿದರು. 1865ರಲ್ಲಿ ಯುದ್ಧವು ಮುಗಿಯಿತು, ಬೆಲೆಯು ಬಿದ್ದಿತು. ಸಾಲ ಮಾಡಿ ಹೊಲ ಕೊಂಡವರ ಗತಿಯನ್ನು ಹೇಳುವುದು ಬೇಡ.

ಸೋತ ಪಕ್ಷದವನಾದ ಮೌರಿಗೆ ಸ್ವದೇಶವು ಮುಚ್ಚಿತು. ಮೆಕ್ಸಿಕೋ ದೇಶದಲ್ಲಿ ಚಕ್ರವರ್ತಿಯೆನಿಸಿ ಕುಳಿತಿದ್ದ ಮ್ಯಾಕ್ಸಿಮಿಲಿಯನ್ನನ ಬಳಿಗೆ ಹೋಗಿ, ದಕ್ಷಿಣದವರನ್ನು ಅಲ್ಲಿ ನೆಲೆಗೊಳಿಸುವ ವಲಸೆಯ ಅಧಿಕಾರಿಯಾದನು. ಆ ವಲಸೆಗಾಗಿ 1865ರಲ್ಲಿ ಹೊರಟ ಕಟ್ಟಳೆಯಂತೆ, ಯಜಮಾನರು ಕರೆತರುವ ಕಪ್ಪು ಕೆಲಸಗಾರರು ಐದರಿಂದ ಹತ್ತು ವರ್ಷ ಬಿಟ್ಟುಹೋಗದೆ ದುಡಿಯಬೇಕು. ಹೆಸರು ಬೇರೆ, ಸಂಕೋಲೆಯು ಅದೇ. ಇಷ್ಟು ರಕ್ತವು ಹರಿದ ಮೇಲೂ ಆತನ ಬುದ್ಧಿಯು ಆ ಒಂದು ಚೌಕವನ್ನು ದಾಟಲಿಲ್ಲ. ವಸಾಹತು ನಿಲ್ಲಲಿಲ್ಲ, 1866ರಲ್ಲಿ ಆತನು ಇಂಗ್ಲೆಂಡಿಗೆ ಹೊರಟುಹೋದನು, 1867ರಲ್ಲಿ ಮ್ಯಾಕ್ಸಿಮಿಲಿಯನ್ನನನ್ನು ಗುಂಡಿಟ್ಟು ಕೊಂದರು. ಮೆಕ್ಸಿಕೋದಲ್ಲಿ ಮೌರಿಯು ಉಳಿಸಿಹೋದ ಒಳ್ಳೆಯದೆಂದರೆ ಕ್ವಿನೈನು ತೆಗೆಯುವ ಸಿಂಕೋನಾ ಗಿಡ. ಅದೇ ದಶಕದಲ್ಲಿ ನಮ್ಮ ನೀಲಗಿರಿಯಲ್ಲಿಯೂ ಆ ಗಿಡವನ್ನು ನೆಟ್ಟು ಬೆಳೆಸುತ್ತಿದ್ದರು.

1868ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಗೌರವಪದವಿಯನ್ನಿತ್ತಿತು. ಅದೇ ವರ್ಷ ಕ್ಷಮಾದಾನದ ಕಟ್ಟಳೆಗಳಿಂದ ಹಿಂದಿರುಗುವ ದಾರಿಯು ತೆರೆದು, ವರ್ಜೀನಿಯಾದ ಲೆಕ್ಸಿಂಗ್‌ಟನ್ ಎಂಬಲ್ಲಿಯ ಸೈನಿಕ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಶಾಲೆಯ ಮಕ್ಕಳಿಗಾಗಿ ಭೂಗೋಳದ ಪುಸ್ತಕಗಳನ್ನು ಬರೆದನು. ಕಡಲಿನ ನಾವಿಕನಿಗೆ ಗಾಳಿಯ ಸುದ್ದಿ ಮುಟ್ಟುವಂತೆ ಹೊಲದ ರೈತನಿಗೂ ಹವೆಯ ಮತ್ತು ಬೆಳೆಯ ಸುದ್ದಿಯು ತಂತಿಯ ಮೂಲಕ ಮುಟ್ಟಬೇಕೆಂದು ಊರೂರು ತಿರುಗಿ ಉಪನ್ಯಾಸ ಮಾಡಿದನು. ಅಂಥ ಒಂದು ಸಂಚಾರದಿಂದ ರೋಗಿಯಾಗಿ ಬಂದು ಹಾಸಿಗೆಯನ್ನು ಹಿಡಿದವನು 1873ನೆಯ ಇಸವಿ ಫೆಬ್ರುವರಿ 1ರಂದು ತೀರಿಕೊಂಡನು. ಕೊನೆಯ ಗಳಿಗೆಗಳಲ್ಲಿ, ತನ್ನ ಲಂಗರು ಜಾರುತ್ತಿದೆಯೇ ಎಂದು ಹಡಗಿನವರ ಮಾತಿನಲ್ಲಿಯೇ ಮಕ್ಕಳನ್ನು ಕೇಳಿದನೆಂದು ಮಗಳು ಬರೆದ ಚರಿತ್ರೆಯಲ್ಲಿದೆ. ಗೋಶನ್ ಕಣಿವೆಯ ಬೆಟ್ಟದ ಹೂಗಳು ಅರಳುವವರೆಗೆ ಕಾದು, ಆ ದಾರಿಯಿಂದಲೇ ತನ್ನನ್ನು ಒಯ್ಯಬೇಕೆಂಬುದು ಆತನ ಅಪೇಕ್ಷೆ. ಹಾಗೆಯೇ ಆ ವರ್ಷ ಕಣಿವೆಯ ದಾರಿಯಲ್ಲಿ ದೇಹವನ್ನು ರಿಚ್ಮಂಡಿಗೆ ತಂದು ಹೂಳಿದರು. ಆ ಕಣಿವೆಯಲ್ಲಿ ಹರಿಯುವ ನದಿಗೆ ಆತನ ಹೆಸರಿದೆ.

ರಿಚ್ಮಂಡ್ ನಗರದಲ್ಲಿ 1929ರಲ್ಲಿ ನಿಲ್ಲಿಸಿದ್ದ ಆತನ ಪ್ರತಿಮೆಯನ್ನು 2020ನೆಯ ಇಸವಿ ಜುಲೈ 2ರಂದು ನಗರದವರೇ ಪೀಠದಿಂದ ಇಳಿಸಿದರು. ಅನ್ನಾಪೊಲಿಸ್ ನೌಕಾವಿದ್ಯಾಲಯದಲ್ಲಿ ಆತನ ಹೆಸರನ್ನು ಹೊತ್ತ ಕಟ್ಟಡಕ್ಕೆ 2023ರಲ್ಲಿ ಬೇರೆ ಹೆಸರಾಯಿತು. ಕೃತಘ್ನತೆಯೆಂದು ಕೆಲವರು ಕೂಗಿದರು. ತಡವಾಯಿತೆಂದು ಕೆಲವರು ಹೇಳಿದರು. ದಾಸರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಆ ಪ್ರತಿಮೆಯ ಕೆಳಗಿನಿಂದ ದಿನವೂ ನಡೆದುಹೋಗಬೇಕಾಗಿತ್ತೆಂಬುದನ್ನು ನೆನೆದರೆ ಇಳಿಸಿದ್ದು ಅನ್ಯಾಯವೆನ್ನಲಾಗದು. ಪ್ರತಿಮೆಯು ಇಳಿದದ್ದರಿಂದ ನಕ್ಷೆಗಳೇನೂ ಅಳಿಸಲಿಲ್ಲ. ಆತನು ಕೂಡಿಹಾಕಿದ ದಿನವಹಿಗಳ ಲೆಕ್ಕಗಳನ್ನು ವಿದ್ವಾಂಸರು ಗಣಕಯಂತ್ರಗಳಿಗೆ ಇಳಿಸಿ, ಎರಡು ಶತಮಾನಗಳ ಹಿಂದಿನ ಕಡಲು ಎಷ್ಟು ಬಿಸಿಯಿತ್ತು, ಎಷ್ಟು ತಣ್ಣಗಿತ್ತೆಂಬುದನ್ನು ತಿಳಿಯಲು ಬಳಸಿದ್ದಾರೆ.

ಅದೇ 2023ರಲ್ಲಿ ಅಮೇರಿಕಾದ ನೌಕಾಖಾತೆಯು ಮೌರಿಯ ಹೆಸರಿದ್ದ ಸಮುದ್ರಶೋಧನೆಯ ಒಂದು ಹಡಗಿಗೂ ಹೊಸ ಹೆಸರನ್ನಿಟ್ಟಿತು: ಮೇರಿ ಥಾರ್ಪ್. 1920ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಈ ವಿದುಷಿಯನ್ನು, ಹೆಂಗಸೆಂಬ ಕಾರಣಕ್ಕಾಗಿ, ಬಹುಕಾಲದವರೆಗೆ ಶೋಧನೆಯ ಹಡಗುಗಳ ಮೇಲೆ ಹತ್ತಗೊಡಲಿಲ್ಲ. ಗಂಡಸರು ಕಡಲಿಗೆ ಹೋಗಿ ಆಳವನ್ನು ಅಳೆದು ತಂದ ಲೆಕ್ಕಗಳನ್ನು ಆಕೆಯು ದಡದ ಮೇಲೆ ಮೇಜಿನ ಮುಂದೆ ಕುಳಿತು ಒಂದೊಂದಾಗಿ ಗುರುತಿಸಿದಳು. ಅಟ್ಲಾಂಟಿಕ್ ಸಾಗರದ ನಡುವೆ ತಳವು ಎತ್ತರವಾಗಿದೆಯೆಂದು ಮೌರಿಯ ನಕ್ಷೆಯು ಮಸುಕಾಗಿ ತೋರಿಸಿದ ಎಡೆಯಲ್ಲಿಯೇ, ಸಾವಿರಾರು ಮೈಲಿ ಉದ್ದದ ಪರ್ವತಶ್ರೇಣಿಯನ್ನೂ, ಅದರ ನೆತ್ತಿಯ ಮೇಲೆ ಸೀಳಿಕೊಂಡು ಹೋಗಿರುವ ಕಣಿವೆಯನ್ನೂ ಆಕೆಯು ಬಿಡಿಸಿ ತೋರಿಸಿದಳು. ಹಡಗನ್ನು ಹತ್ತಲು ಬಿಡದವಳ ಹೆಸರನ್ನು ಈಗ ಆ ಹಡಗು ಹೊತ್ತಿದೆ.